ಪ್ಲೈವುಡ್ಡಿಗೆ ಯಾವ ನಂಬರಿನ ಮರಳುಕಾಗದ?

ಗಟ್ಟಿಮರದ ಮೇಜನ್ನು ಉಜ್ಜಿ ನುಣುಪುಗೊಳಿಸುವ ಬಡಗಿಗೆ ಇರುವ ಒಂದು ಅನುಕೂಲವು ಪ್ಲೈವುಡ್ಡಿನ ಮೇಜನ್ನು ಉಜ್ಜುವವನಿಗೆ ಇಲ್ಲ. ಮೊದಲನೆಯವನು ಎಲ್ಲಿಯಾದರೂ ಒಂದು ಗೀರು ಉಳಿದಿದ್ದರೆ ಮತ್ತಷ್ಟು ಉಜ್ಜಬಹುದು. ಕೆಳಗಿರುವುದೂ ಅದೇ ಮರ. ಎರಡನೆಯವನ ಕೈಕೆಳಗೆ ಇರುವುದು ತೇಗದ್ದೋ ಬೀಟೆಯದ್ದೋ ಆದ, ಅರ್ಧ ಮಿಲಿಮೀಟರನ್ನು ಮುಟ್ಟುವುದೇ ಅಪರೂಪವಾದ ಒಂದು ತೆಳುಹಾಳೆ. ಅದು ಸವೆದುಹೋಯಿತೆಂದರೆ ಕೆಳಗಿನ ಅಗ್ಗದ ಮರವೂ ಅಂಟಿನ ಕಪ್ಪು ಕಲೆಯೂ ಹೊರಬೀಳುತ್ತವೆ. ಯಾವ ಮೆರುಗೆಣ್ಣೆಯೂ ಅದನ್ನು ಮರೆಮಾಡಲಾರದು. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯ ನಡುವೆ ಅಂಗೈಯಗಲ ಹೀಗಾದರೆ ಇಡೀ ಹಲಗೆಯೇ ಕೆಟ್ಟಂತೆ. ಆದುದರಿಂದ ಯಾವ ನಂಬರಿನ ಮರಳುಕಾಗದದಿಂದ ಆರಂಭಿಸಬೇಕು, ಯಾವುದರಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಯು ಬರಿಯ ಕೈಚಳಕದ ಪ್ರಶ್ನೆಯಲ್ಲ. ಅದರೊಳಗೆ ಸಾಕಷ್ಟು ಭೌತಶಾಸ್ತ್ರವೂ ಅಡಗಿದೆ.

ಪ್ಲೈವುಡ್ಡಿನ ರಚನೆಯನ್ನು ಮೊದಲು ಸ್ವಲ್ಪ ನೋಡೋಣ. ಪೆನ್ಸಿಲನ್ನು ಚೂಪು ಮಾಡುವಾಗ ಸಿಪ್ಪೆ ಸುರುಳಿಯಾಗಿ ಬರುವಂತೆ, ಮರದ ದಿಮ್ಮಿಯನ್ನು ತಿರುಗಿಸುತ್ತ ಉದ್ದವಾದ ಅಲಗಿನಿಂದ ಹಾಳೆಗಳನ್ನು ಸುಲಿಯುತ್ತಾರೆ. ಈ ಹಾಳೆಗಳಿಗೆ ಅಂಟು ಸವರಿ, ಒಂದರ ನಾರು ಇನ್ನೊಂದರ ನಾರಿಗೆ ಲಂಬವಾಗಿರುವಂತೆ ಜೋಡಿಸಿ, ಶಾಖವನ್ನೂ ಒತ್ತಡವನ್ನೂ ಕೊಟ್ಟು ಒಂದಾಗಿಸುತ್ತಾರೆ. ಮರವು ತೇವಕ್ಕೆ ಹಿಗ್ಗುವುದು ನಾರಿಗೆ ಅಡ್ಡಲಾಗಿಯೇ ಹೆಚ್ಚು. ಉದ್ದಕ್ಕೆ ಬಹಳ ಕಡಿಮೆ. ಪಕ್ಕಪಕ್ಕದ ಪದರಗಳು ಒಂದನ್ನೊಂದು ತಡೆಹಿಡಿಯುವುದರಿಂದ ಹಲಗೆ ಸೊಟ್ಟಗಾಗುವುದಿಲ್ಲ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುವುದಕ್ಕೂ, ಅಂದರೆ ಮೇಲಿನ ಮತ್ತು ಕೆಳಗಿನ ಮುಖಗಳ ನಾರು ಒಂದೇ ದಿಕ್ಕಿನಲ್ಲಿರುವುದಕ್ಕೂ ಕಾರಣ ಇದೇ. ಪೀಠೋಪಕರಣಗಳಿಗೆ ಬಳಸುವ ಹಲಗೆಯಲ್ಲಿ ಇವೆಲ್ಲದರ ಮೇಲೆ ಅಂದದ ಮರದ ಒಂದು ಹಾಳೆಯನ್ನು ಹೊದಿಸಿರುತ್ತಾರೆ. ಬಡಗಿಗಳು ಅದನ್ನು ವಿನೀರ್ ಎನ್ನುತ್ತಾರೆ. ನಾವು ಉಜ್ಜುವುದು ಇದನ್ನೇ.

ಇನ್ನು ಕಾಗದದ ವಿಷಯ. ಕೆಲವೆಡೆ ಉಪ್ಪುಕಾಗದವೆಂದೂ ಕರೆಯುವ ಈ ಮರಳುಕಾಗದದಲ್ಲಿ ಇಂದು ಮರಳು ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜಿನ ಪುಡಿಯನ್ನು ಅಂಟಿಸುತ್ತಿದ್ದರು. ಅನಂತರ ಗಾರ್ನೆಟ್ ಎಂಬ ಕೆಂಪು ಖನಿಜ ಬಂತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತನು ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿದ ಮೇಲೆ ಕೃತಕ ಉಜ್ಜುಪದಾರ್ಥಗಳ ಕಾಲ ಆರಂಭವಾಯಿತು. ಮರಕ್ಕೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡ್. ಮೋಸ್ ಮಾನಕದಲ್ಲಿ ಸ್ಫಟಿಕಶಿಲೆಯ ಕಾಠಿಣ್ಯ 7 ಆದರೆ ಇದರದು 9. ಕಣಗಳನ್ನು ಕಾಗದಕ್ಕೆ ಅಂಟಿಸುವ ಕ್ರಮವೂ ಸ್ವಾರಸ್ಯವಾಗಿದೆ. ಪ್ರಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಕಣಗಳು ಮೇಲಕ್ಕೆ ಹಾರಿ, ಅಂಟು ಸವರಿದ ಕಾಗದಕ್ಕೆ ಹೋಗಿ ಕಚ್ಚಿಕೊಳ್ಳುತ್ತವೆ. ಉದ್ದನೆಯ ಕಣಗಳು ಕ್ಷೇತ್ರದ ದಿಕ್ಕಿಗೆ ತಿರುಗಿ ನಿಲ್ಲುವುದರಿಂದ ಅವುಗಳ ಮೊನೆಗಳು ಹೊರಗೆ ಚಾಚಿಕೊಂಡಿರುತ್ತವೆ. ಸುಮ್ಮನೆ ಸುರಿದಿದ್ದರೆ ಅವು ಅಡ್ಡಡ್ಡ ಬಿದ್ದು ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ.

ಕಾಗದದ ಬೆನ್ನಿನ ಮೇಲೆ 80, 120, 180 ಎಂದು ಅಚ್ಚಾಗಿರುವ ನಂಬರು ಕಣಗಳ ಗಾತ್ರವನ್ನು ಸೂಚಿಸುತ್ತದೆ. ನಂಬರು ಹೆಚ್ಚಿದಷ್ಟೂ ಕಣ ಚಿಕ್ಕದು. ಇದು ಜರಡಿಯಿಂದ ಬಂದ ಲೆಕ್ಕ. ಒಂದು ಅಂಗುಲಕ್ಕೆ 80 ತಂತಿಗಳಿರುವ ಜರಡಿಯಲ್ಲಿ ತಂತಿಯಿಂದ ತಂತಿಗೆ ಇರುವ ದೂರ 25.4 ಮಿಲಿಮೀಟರನ್ನು 80ರಿಂದ ಭಾಗಿಸಿದಷ್ಟು, ಎಂದರೆ 0.32 ಮಿಲಿಮೀಟರು. ಅದರಲ್ಲಿ ತಂತಿಯ ದಪ್ಪವನ್ನು ಕಳೆದರೆ ಉಳಿಯುವ ಕಂಡಿ ಸುಮಾರು 0.2 ಮಿಲಿಮೀಟರು. ಯೂರೋಪಿನ ಮಾನಕದ ಪ್ರಕಾರ 80ನೆಯ ನಂಬರಿನ ಕಣದ ಸರಾಸರಿ ವ್ಯಾಸವೂ ಅಷ್ಟೇ ಇದೆ. 120ಕ್ಕೆ 0.125, 150ಕ್ಕೆ 0.10, 180ಕ್ಕೆ 0.082, 220ಕ್ಕೆ 0.068 ಮಿಲಿಮೀಟರು. ಈ ಸಂಖ್ಯೆಗಳನ್ನು ಗಮನವಿಟ್ಟು ನೋಡಬೇಕು. 80ರಿಂದ 120ಕ್ಕೂ 180ರಿಂದ 220ಕ್ಕೂ ನಂಬರಿನಲ್ಲಿ ಅಂತರ ನಲವತ್ತೇ. ಆದರೆ ಮೊದಲನೆಯ ಜಿಗಿತದಲ್ಲಿ ಕಣದ ಗಾತ್ರ 1.6 ಪಟ್ಟು ಇಳಿಯುತ್ತದೆ, ಎರಡನೆಯದರಲ್ಲಿ 1.2 ಪಟ್ಟು ಮಾತ್ರ. ನಂಬರುಗಳ ವ್ಯತ್ಯಾಸವನ್ನಲ್ಲ, ಅವುಗಳ ಅನುಪಾತವನ್ನು ಲೆಕ್ಕಕ್ಕೆ ಹಿಡಿಯುವುದೇ ಸರಿಯಾದ ದಾರಿ.

220ಕ್ಕಿಂತ ನುಣುಪಾದ ಕಣಗಳಿಗೆ ಜರಡಿ ಉಪಯೋಗಕ್ಕೆ ಬಾರದು. ಅಷ್ಟು ಸಣ್ಣ ಕಂಡಿಗಳುಳ್ಳ ಬಲೆಯನ್ನು ನೇಯುವುದು ಕಷ್ಟ, ನೇಯ್ದರೂ ಅದು ಕಟ್ಟಿಕೊಳ್ಳುತ್ತದೆ. ಆಗ ಕಣಗಳನ್ನು ದ್ರವದಲ್ಲಿ ಮುಳುಗಲು ಬಿಟ್ಟು, ಅವು ಇಳಿಯುವ ವೇಗದಿಂದ ಗಾತ್ರವನ್ನು ತಿಳಿಯುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಸ್ಟೋಕ್ಸನ ನಿಯಮ ಇಲ್ಲಿ ಕೆಲಸ ಮಾಡುತ್ತದೆ: ಸಣ್ಣ ಗೋಳವು ಇಳಿಯುವ ಅಂತಿಮ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 240ನೆಯ ನಂಬರಿನ ಕಣದ ವ್ಯಾಸ 0.0585 ಮಿಲಿಮೀಟರು. ಲೆಕ್ಕ ಹಾಕಿದರೆ ಅದು ನಿಂತ ನೀರಿನಲ್ಲಿ ಸೆಕೆಂಡಿಗೆ ಐದೂವರೆ ಮಿಲಿಮೀಟರಿನಂತೆ ಇಳಿದು, ಒಂದು ಮೀಟರು ಆಳವನ್ನು ಸುಮಾರು ಮೂರು ನಿಮಿಷಗಳಲ್ಲಿ ತಲಪುತ್ತದೆ. 0.035 ಮಿಲಿಮೀಟರಿನ 400ನೆಯ ನಂಬರಿನ ಕಣಕ್ಕೆ ಅದೇ ಆಳಕ್ಕೆ ಎಂಟೂವರೆ ನಿಮಿಷ ಬೇಕು. ಬೀಸುವ ಕಲ್ಲಿನಿಂದ ಬಂದ ಒಂದೇ ಪುಡಿಯನ್ನು ಬರಿಯ ನೀರೂ ಗಡಿಯಾರವೂ ಸೇರಿ ಹೀಗೆ ವಿಂಗಡಿಸಬಲ್ಲವು. ಇದೇ ನಿಯಮವನ್ನು ಮುಂದೆ ಮತ್ತೊಂದು ಕಡೆಯಲ್ಲಿ, ಅಷ್ಟೇನೂ ಹಿತವಲ್ಲದ ಸಂದರ್ಭದಲ್ಲಿ ಕಾಣಲಿದ್ದೇವೆ.

ಈಗ ಕಣವು ಮರವನ್ನು ಕೆರೆಯುವ ಬಗೆಯನ್ನು ವಿಚಾರಿಸೋಣ. ಪ್ರತಿ ಕಣವನ್ನೂ ಶಂಕುವಿನಾಕಾರದ ಮೊನೆಯೆಂದು ಭಾವಿಸಿ. ಮೊನೆಯನ್ನು ಮರದೊಳಕ್ಕೆ ಒತ್ತಿದಾಗ ಅದರ ಭಾರವನ್ನು ಹೊರುವುದು ಅದು ಮಾಡಿದ ಕುಳಿಯ ವಿಸ್ತೀರ್ಣ. ಆ ವಿಸ್ತೀರ್ಣವು ಆಳದ ವರ್ಗದಂತೆ ಬೆಳೆಯುತ್ತದೆ. ಆದುದರಿಂದ ಆಳವು ಭಾರದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಕಣಗಳು ಒತ್ತೊತ್ತಾಗಿ ಕುಳಿತಿದ್ದರೆ 80ನೆಯ ನಂಬರಿನ ಕಾಗದದಲ್ಲಿ ಒಂದು ಚದರ ಮಿಲಿಮೀಟರಿಗೆ ಇಪ್ಪತ್ತೈದು ಕಣಗಳೂ, 180ರಲ್ಲಿ ಸುಮಾರು ನೂರೈವತ್ತು ಕಣಗಳೂ ಇರುತ್ತವೆ. ಕೈಯ ಒತ್ತಡ ಒಂದೇ ಆಗಿದ್ದರೆ 180ರ ಒಂದೊಂದು ಕಣದ ಪಾಲಿಗೆ ಬರುವ ಭಾರ ಆರನೆಯ ಒಂದು ಭಾಗ. ಅದು ತೋಡುವ ಗೀರಿನ ಆಳ ಆರರ ವರ್ಗಮೂಲದಷ್ಟು, ಎಂದರೆ ಸುಮಾರು ಎರಡೂವರೆ ಪಟ್ಟು, ಕಡಿಮೆ. ಕಣದ ವ್ಯಾಸವೂ ಸರಿಯಾಗಿ ಅಷ್ಟೇ ಪಟ್ಟು ಕಡಿಮೆ. ಗೀರಿನ ಆಳವು ಕಣದ ಗಾತ್ರವನ್ನೇ ಅನುಸರಿಸುತ್ತದೆಯೆಂಬ ಬಡಗಿಯ ಅನುಭವಕ್ಕೆ ಇದೇ ಆಧಾರ.

ಆದರೆ ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ವಿಚಿತ್ರವಾದ ಫಲ ದೊರೆಯುತ್ತದೆ. ಒಂದು ಗೀರು ತೆಗೆಯುವ ಮರದ ಪ್ರಮಾಣ ಆಳದ ವರ್ಗಕ್ಕೆ ಅನುಪಾತ. ಆದುದರಿಂದ 180ರ ಒಂದು ಕಣ ತೆಗೆಯುವುದು ಆರನೆಯ ಒಂದು ಭಾಗ. ಕಣಗಳ ಸಂಖ್ಯೆಯಾದರೋ ಆರು ಪಟ್ಟು. ಅಂದ ಮೇಲೆ ಎರಡು ಕಾಗದಗಳೂ ಒಂದೇ ವೇಗದಲ್ಲಿ ಮರವನ್ನು ಸವೆಸಬೇಕು! ಅನುಭವವು ಹಾಗಿಲ್ಲವೆಂಬುದು ಒಮ್ಮೆ ಉಜ್ಜಿ ನೋಡಿದವರಿಗೆಲ್ಲ ಗೊತ್ತು. ಲೆಕ್ಕದಲ್ಲಿ ತಪ್ಪಿಲ್ಲ, ಅದು ಬಿಟ್ಟಿರುವ ಸಂಗತಿಗಳಿವೆ. ಕೆರೆದ ಹುಡಿಗೆ ಹೋಗಲು ಜಾಗ ಬೇಕು. ದೊಡ್ಡ ಕಣಗಳ ನಡುವೆ ಅಂತಹ ಜಾಗ ಉಂಟು. ಚಿಕ್ಕ ಕಣಗಳ ನಡುವಣ ಕಣಿವೆಗಳು ಬೇಗನೆ ತುಂಬಿ, ಕಾಗದವು ಮರದ ಮೇಲೆ ಜಾರತೊಡಗುತ್ತದೆ. ಅಲ್ಲದೆ ಬಲು ಹಗುರವಾಗಿ ಒತ್ತಿದ ಮೊನೆಯು ಮರವನ್ನು ಕತ್ತರಿಸದೆ ಬದಿಗೆ ತಳ್ಳಿ ಮುಂದೆ ಹೋಗುವುದೂ ಉಂಟು. ಲೋಹಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಣದ ವ್ಯಾಸವು ಸುಮಾರು ಹತ್ತನೆಯ ಒಂದು ಮಿಲಿಮೀಟರಿಗಿಂತ ಕಡಿಮೆಯಾದಾಗ ಸವೆತದ ವೇಗವೂ ಇಳಿಯುವುದು ಕಂಡುಬಂದಿದೆ. ಮರಗೆಲಸದ ಕಾಗದಗಳಲ್ಲಿ ಕಣಗಳನ್ನು ಬೇಕೆಂದೇ ವಿರಳವಾಗಿ ಅಂಟಿಸುವುದೂ, ಹುಡಿ ಅಂಟದಂತೆ ಸಾಬೂನಿನ ಜಾತಿಯ ಬಿಳಿಯ ಲೇಪವನ್ನು ಕೊಡುವುದೂ ಈ ತೊಂದರೆಯನ್ನು ತಪ್ಪಿಸುವುದಕ್ಕಾಗಿಯೇ.

ಇಷ್ಟು ತಿಳಿದರೆ ಒಂದೊಂದೇ ಮೆಟ್ಟಿಲೇರುವ ಕ್ರಮದ ಮರ್ಮ ತಿಳಿಯುತ್ತದೆ. ಹೊಸ ಕಾಗದದ ಕೆಲಸವೆಂದರೆ ಹಿಂದಿನ ಕಾಗದ ಬಿಟ್ಟ ಗೀರುಗಳನ್ನು ಅಳಿಸುವುದು. ಗೀರನ್ನು ತುಂಬಲು ಸಾಧ್ಯವಿಲ್ಲ. ಗೀರಿನ ತಳದವರೆಗೆ ಇಡೀ ಮೈಯನ್ನೇ ತಗ್ಗಿಸಬೇಕು. 80ರಿಂದ ನೇರವಾಗಿ 220ಕ್ಕೆ ಹಾರಿದರೆ ಆಳವಾದ ಗೀರುಗಳನ್ನು ಬಲು ನಿಧಾನವಾದ ಕಾಗದದಿಂದ ಅಳಿಸುವ ಪ್ರಮೇಯ ಬರುತ್ತದೆ. ಹತ್ತು ನಿಮಿಷಗಳಲ್ಲಿ ದಿಬ್ಬಗಳು ನುಣುಪಾಗಿ ಕೈಗೆ ಹಿತವಾಗುತ್ತವೆ. ಕಣಿವೆಗಳು ಹಾಗೆಯೇ ಉಳಿದಿರುತ್ತವೆ. ಬಣ್ಣ ಹಚ್ಚಿದೊಡನೆ ಅದು ಕಣಿವೆಗಳಲ್ಲಿ ಹೆಚ್ಚಾಗಿ ನಿಂತು, ಗೀರುಗಳೆಲ್ಲ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಒಂದು ಕಾಗದದಿಂದ ಇನ್ನೊಂದಕ್ಕೆ ಕಣದ ಗಾತ್ರ ಒಂದೂವರೆ ಪಟ್ಟಿಗಿಂತ ಬಹಳ ಹೆಚ್ಚಾಗಿ ಇಳಿಯದಂತೆ ನೋಡಿಕೊಳ್ಳುವುದು ಲೇಸು. 120, 180, 220 ಎಂಬ ಸಾಲು ಈ ನಿಯಮಕ್ಕೆ ಒಪ್ಪುತ್ತದೆ.

ಹಾಗಾದರೆ ಪ್ಲೈವುಡ್ಡಿಗೆ 80 ಬೇಡವೇ? ಮುಖಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ. ಗೀರಿನ ಆಳ ಕಣದ ವ್ಯಾಸದ ಐದನೆಯ ಒಂದು ಭಾಗವೆಂದು ಇಟ್ಟುಕೊಂಡರೂ 80ರ ಗೀರು 0.04 ಮಿಲಿಮೀಟರಿನಷ್ಟು ಇಳಿಯುತ್ತದೆ. ಅರ್ಧ ಮಿಲಿಮೀಟರಿನ ಹಾಳೆಯಲ್ಲಿ ಇದು ಹನ್ನೆರಡನೆಯ ಒಂದು ಭಾಗ. ಗೀರುಗಳನ್ನು ಮಾಡುವಾಗ ಹೋದ ಮರ ಬೇರೆ, ಅವನ್ನು ಅಳಿಸುವಾಗ ಹೋಗುವ ಮರ ಬೇರೆ. ಕೈ ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಉಳಿದದ್ದೂ ಹೋಯಿತು. ಒಳ್ಳೆಯ ಹಲಗೆಗಳನ್ನು ಕಾರ್ಖಾನೆಯಲ್ಲಿಯೇ ಅಗಲವಾದ ಪಟ್ಟಿಯ ಯಂತ್ರದಿಂದ ಉಜ್ಜಿ ಕಳುಹಿಸಿರುತ್ತಾರೆ. ಅಂತಹ ಹಲಗೆಗೆ 150ರಿಂದ, ಇಲ್ಲವೇ ಗೀರುಗಳು ಕಂಡರೆ 120ರಿಂದ, ಆರಂಭಿಸಿದರೆ ಸಾಕು. 80ಕ್ಕೆ ಅಂಚಿನಲ್ಲಿ ಕೆಲಸವುಂಟು: ಗರಗಸದ ಗುರುತುಗಳನ್ನು ತೆಗೆಯಲು, ಅಂಚಿಗೆ ಹೊಡೆದ ಗಟ್ಟಿಮರದ ಪಟ್ಟಿಯನ್ನು ಸಮ ಮಾಡಲು. ಆದರೆ ಹಾಳೆ ಹರಿದುಹೋಗುವ ಸಂದರ್ಭಗಳಲ್ಲಿ ಬಹುಪಾಲು ಈ ಪಟ್ಟಿಯ ಪಕ್ಕದಲ್ಲಿಯೇ ಸಂಭವಿಸುತ್ತವೆ. ಪಟ್ಟಿಯು ಒಂದಿಷ್ಟು ಎತ್ತರವಾಗಿರುತ್ತದೆ. ಅದನ್ನು ಇಳಿಸುವ ಭರದಲ್ಲಿ ಪಕ್ಕದ ವಿನೀರೂ ಇಳಿಯುತ್ತದೆ. ಪಟ್ಟಿಯನ್ನು ತೋಪಡದಿಂದ ಬಹುಮಟ್ಟಿಗೆ ಇಳಿಸಿ, ಕೊನೆಯ ಕೂದಲೆಳೆಯಷ್ಟನ್ನು ಮಾತ್ರ ಕಾಗದಕ್ಕೆ ಬಿಡುವ ಬಡಗಿಯೇ ಜಾಣ.

ಕಾಗದವನ್ನು ಬೆರಳುಗಳಿಂದ ಒತ್ತಿ ಉಜ್ಜುವುದೂ ಅಪಾಯಕರ. ಎರಡು ಕಿಲೋಗ್ರಾಂ ಭಾರದಷ್ಟು ಬಲವನ್ನು ಹತ್ತು ಸೆಂಟಿಮೀಟರು ಉದ್ದ, ಆರು ಸೆಂಟಿಮೀಟರು ಅಗಲದ ಮರದ ತುಂಡಿನ ಮೂಲಕ ಕೊಟ್ಟರೆ ಅದು 60 ಚದರ ಸೆಂಟಿಮೀಟರುಗಳಿಗೆ ಹಂಚಿಹೋಗುತ್ತದೆ. ಅದೇ ಬಲವನ್ನು ಮೂರು ಬೆರಳ ತುದಿಗಳಿಂದ ಕೊಟ್ಟರೆ ಹಂಚಿಕೆ ನಾಲ್ಕೈದು ಚದರ ಸೆಂಟಿಮೀಟರುಗಳಿಗೆ ಮಾತ್ರ. ಒತ್ತಡ ಹನ್ನೆರಡು ಪಟ್ಟಿಗೂ ಮೀರುತ್ತದೆ. ಮೈ ಎಲ್ಲ ಸಮನಾಗಿ ಸವೆಯುತ್ತಿದೆಯೇ ಎಂದು ತಿಳಿಯಲು ಸೀಸದಕಡ್ಡಿಯಿಂದ ಹಲಗೆಯ ಮೇಲೆ ಹಗುರವಾದ ವಕ್ರಗೆರೆಗಳನ್ನು ಎಳೆದುಕೊಳ್ಳಬಹುದು. ಗೆರೆಗಳು ಎಲ್ಲೆಡೆ ಅಳಿದ ಕ್ಷಣ ಕೈ ನಿಲ್ಲಿಸತಕ್ಕದ್ದು.

ಗೀರು ಉಳಿದಿದೆಯೇ ಎಂದು ಕಂಡುಹಿಡಿಯುವ ಉಪಾಯವೂ ಸರಳವಾದದ್ದು: ದೀಪವನ್ನು ತಲೆಯ ಮೇಲಿಂದ ಇಳಿಸಿ, ಹಲಗೆಯ ಮಟ್ಟಕ್ಕೆ ತರಬೇಕು. ಮೈಯ ಮೇಲೆ ಬೀಳುವ ಬೆಳಕಿನ ಪ್ರಮಾಣವು ಕಿರಣಕ್ಕೂ ಮೈಗೂ ನಡುವಣ ಕೋನದ ಸೈನಿಗೆ ಅನುಪಾತದಲ್ಲಿರುತ್ತದೆ. ದೀಪ ನೆತ್ತಿಯ ಮೇಲಿದ್ದಾಗ ಕೋನ 90 ಡಿಗ್ರಿ. ಗೀರಿನ ಇಳಿಜಾರು ಐದು ಡಿಗ್ರಿಯಷ್ಟಿದ್ದರೆ ಅಲ್ಲಿ ಬೀಳುವ ಬೆಳಕು ಕಡಿಮೆಯಾಗುವುದು ಶೇಕಡ ಅರ್ಧಕ್ಕಿಂತಲೂ ಕಡಿಮೆ. ಕಣ್ಣು ಇದನ್ನು ಗುರುತಿಸಲಾರದು. ಈಗ ದೀಪವನ್ನು ಐದು ಡಿಗ್ರಿಯ ಎತ್ತರಕ್ಕೆ ಇಳಿಸಿರಿ. ದೀಪದ ಕಡೆಗೆ ತಿರುಗಿದ ಇಳಿಜಾರಿಗೆ ಕೋನ ಹತ್ತು ಡಿಗ್ರಿಯಾಗಿ ಬೆಳಕು ಇಮ್ಮಡಿಯಾಗುತ್ತದೆ. ಆಚೆಗೆ ತಿರುಗಿದ ಇಳಿಜಾರಿಗೆ ಕೋನ ಸೊನ್ನೆಯಾಗಿ ಅದು ಪೂರ್ತಿ ಕತ್ತಲಾಗುತ್ತದೆ. ಅದೇ ಗೀರು, ಅದೇ ದೀಪ! ಸಂಜೆಯ ಓರೆಬಿಸಿಲು ಕಿಟಕಿಯಿಂದ ಬಿದ್ದಾಗ ಮೇಜಿನ ದೋಷಗಳೆಲ್ಲ ಒಮ್ಮೆಲೇ ಕಾಣುವುದಕ್ಕೂ ಇದೇ ಕಾರಣ. ಗಿರಾಕಿಯ ಮನೆಯಲ್ಲಿ ಕಾಣುವುದಕ್ಕಿಂತ ಕೆಲಸದ ಜಾಗದಲ್ಲಿಯೇ ಕಂಡರೆ ಉತ್ತಮವಲ್ಲವೇ? ಬೆರಳಿನ ಸಾಕ್ಷ್ಯವನ್ನೂ ಕಡೆಗಣಿಸಬಾರದು. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಿನ ಎತ್ತರದ ನೆರಿಗೆಗಳನ್ನು ಕೂಡ ಚಲಿಸುವ ಬೆರಳು ನುಣುಪು ಮೈಯಿಂದ ಬೇರೆಯಾಗಿ ಗುರುತಿಸಿತು.

ಉಜ್ಜುವ ದಿಕ್ಕು ಯಾವಾಗಲೂ ನಾರಿನ ದಿಕ್ಕೇ ಆಗಿರಬೇಕು. ಉದ್ದಕ್ಕೆ ಬಿದ್ದ ಗೀರು ಮರದ ಸ್ವಂತ ಗೆರೆಗಳ ನಡುವೆ ಅಡಗಿಕೊಳ್ಳುತ್ತದೆ. ಅಡ್ಡಲಾಗಿ ಬಿದ್ದದ್ದು ನಾರುಗಳನ್ನು ಕತ್ತರಿಸುವುದರಿಂದ ಅದಕ್ಕೆ ಅಡಗಲು ಸ್ಥಳವಿಲ್ಲ.

ನುಣುಪು ಹೆಚ್ಚಿದಷ್ಟೂ ಒಳ್ಳೆಯದೆಂದು 400, 600ರವರೆಗೆ ಬರಿಯ ಮರವನ್ನು ಉಜ್ಜುವವರೂ ಇದ್ದಾರೆ. ಇದು ವ್ಯರ್ಥ ಶ್ರಮವೆಂದು ಹೇಳಲು ಮರದ ರಚನೆಯೇ ಸಾಕು. ತೇಗದಲ್ಲಿ ನೀರನ್ನು ಸಾಗಿಸುವ ದೊಡ್ಡ ನಾಳಗಳ ವ್ಯಾಸ 0.2ರಿಂದ 0.3 ಮಿಲಿಮೀಟರಿನವರೆಗೂ ಇರುತ್ತದೆ. ಕೊಯ್ದ ಮೈಯಲ್ಲಿ ಅವು ಬರಿಗಣ್ಣಿಗೆ ಕಾಣುವ ಕಾಲುವೆಗಳಾಗಿ ತೆರೆದುಕೊಂಡಿರುತ್ತವೆ. ಪ್ರಕೃತಿಯೇ ಇಂತಹ ಕಾಲುವೆಗಳನ್ನು ಇಟ್ಟಿರುವಾಗ 220ರ ಗೀರುಗಳನ್ನು ಇನ್ನಷ್ಟು ಸಣ್ಣದು ಮಾಡುವುದರಿಂದ ಏನು ಲಾಭ? ಒಂದು ಚಾಪದ ನಿಮಿಷದಷ್ಟನ್ನು ಬೇರ್ಪಡಿಸಬಲ್ಲ ಸಾಧಾರಣ ಕಣ್ಣು ಇಪ್ಪತ್ತೈದು ಸೆಂಟಿಮೀಟರು ದೂರದಿಂದ ನೋಡಿದಾಗ ಸುಮಾರು 0.07 ಮಿಲಿಮೀಟರಿಗಿಂತ ಹತ್ತಿರವಿರುವ ಗೆರೆಗಳನ್ನು ಬಿಡಿಬಿಡಿಯಾಗಿ ಕಾಣಲಾರದು. 220ರ ಕಣದ ವ್ಯಾಸ ಹೆಚ್ಚುಕಡಿಮೆ ಇದೇ ಎಂಬುದು ಗಮನಾರ್ಹ. ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೂ ಉಂಟು. ಅತಿಯಾಗಿ ನಯವಾದ ಮೈಯಲ್ಲಿ ನಾರುಗಳು ಮಲಗಿ ಹೊಳಪೇರುತ್ತವೆ. ಬಣ್ಣವು ಒಳಕ್ಕೆ ಇಳಿಯದೆ ಮಂಕಾಗುತ್ತದೆ. ಬಣ್ಣ ಗಾಢವಾಗಿ ಬೇಕೆಂದರೆ 180ರಲ್ಲಿಯೇ ನಿಲ್ಲಿಸುವುದು ವಾಸಿ. ಇದೇ ಗುಣವನ್ನು ಅಂಚಿನಲ್ಲಿ ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಪ್ಲೈವುಡ್ಡಿನ ಅಂಚಿನಲ್ಲಿ ಪದರ ಬಿಟ್ಟು ಪದರಕ್ಕೆ ನಾರಿನ ಕತ್ತರಿಸಿದ ತುದಿಗಳು ಹೊರಮುಖವಾಗಿರುವುದರಿಂದ ಅದು ಬಣ್ಣವನ್ನು ಹೆಚ್ಚು ಹೀರುತ್ತದೆ. ಅಂಚನ್ನು ಮುಖಕ್ಕಿಂತ ಒಂದು ಮೆಟ್ಟಿಲು ಹೆಚ್ಚು ನುಣುಪು ಮಾಡಿದರೆ ಎರಡರ ಬಣ್ಣ ಹತ್ತಿರಕ್ಕೆ ಬರುತ್ತದೆ.

ನೀರು ಬೆರೆತ ಬಣ್ಣವನ್ನೋ ಮೆರುಗನ್ನೋ ಹಚ್ಚುವುದಿದ್ದರೆ ಇನ್ನೊಂದು ಕೆಲಸವಿದೆ. ಒತ್ತಿಹೋದ ನಾರುಗಳು ನೀರು ಕುಡಿದು ಉಬ್ಬಿ ಎದ್ದುನಿಲ್ಲುತ್ತವೆ. ನುಣುಪಾಗಿದ್ದ ಮೈ ಮತ್ತೆ ತರಿತರಿಯಾಗುತ್ತದೆ. ಇದನ್ನು ತಪ್ಪಿಸಲಾಗದ ಮೇಲೆ ಮೊದಲೇ ಬರಮಾಡಿಕೊಳ್ಳುವುದು ಯುಕ್ತ. ಹಿಂಡಿದ ಒದ್ದೆ ಬಟ್ಟೆಯಿಂದ ಹಲಗೆಯನ್ನು ಒರೆಸಿ, ಚೆನ್ನಾಗಿ ಒಣಗಿದ ಮೇಲೆ 220ರ ಕಾಗದವನ್ನು ಭಾರ ಹಾಕದೆ ಎರಡು ಸಲ ಆಡಿಸಿದರೆ ಎದ್ದ ನಾರುಗಳು ಕತ್ತರಿಸಿಹೋಗುತ್ತವೆ.

ಈಗ ಹುಡಿಯ ವಿಷಯ. ಹಾಳೆ ಹರಿದರೆ ಹಣ ಹೋಗುತ್ತದೆ. ಹುಡಿಯಿಂದ ಹೋಗುವುದು ಆರೋಗ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಮೂಗಿನ ಒಳಭಾಗವೂ ಅದರ ಅಕ್ಕಪಕ್ಕದ ಗೂಡುಗಳೂ ಈ ರೋಗಕ್ಕೆ ಗುರಿಯಾಗುವ ಸ್ಥಳಗಳು. ತೇಗದ ಹುಡಿಯಿಂದ ಕೆಲವರ ಚರ್ಮ ಕೆರಳುವುದೂ ಉಂಟು. ಪ್ಲೈವುಡ್ಡಿನ ಹುಡಿಯಲ್ಲಿ ಮರದ ಜೊತೆಗೆ ಅಂಟಿನ ಅಂಶವೂ ಸೇರಿರುತ್ತದೆ. ಹಿಂದೆ ಹೇಳಿದ ಸ್ಟೋಕ್ಸನ ನಿಯಮವು ಗಾಳಿಗೂ ಅನ್ವಯಿಸುತ್ತದೆ. ನೀರಿನಷ್ಟೇ ಸಾಂದ್ರತೆಯುಳ್ಳ, 0.01 ಮಿಲಿಮೀಟರು ವ್ಯಾಸದ ಹುಡಿಯ ಕಣ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಮೂರು ಮಿಲಿಮೀಟರಿನಂತೆ ಇಳಿಯುತ್ತದೆ. ಮೂಗಿನ ಮಟ್ಟದಿಂದ ನೆಲ ಸೇರಲು ಅದಕ್ಕೆ ಎಂಟು ನಿಮಿಷಗಳಾದರೂ ಬೇಕು. ವ್ಯಾಸ ಅದರ ಅರ್ಧದಷ್ಟಿದ್ದರೆ ಅರ್ಧ ಗಂಟೆಗೂ ಮೇಲೆ. ಜನ ಓಡಾಡುವ, ಬೀಸಣಿಗೆ ತಿರುಗುವ ಕೊಠಡಿಯಲ್ಲಿ ಅದು ಇಳಿಯುವುದೇ ಇಲ್ಲವೆನ್ನಬಹುದು. ಉಜ್ಜುವುದು ನಿಂತ ಕೂಡಲೇ ಮುಖದ ಬಟ್ಟೆಯನ್ನು ಬಿಚ್ಚುವ ಅಭ್ಯಾಸ ಎಷ್ಟು ತಪ್ಪೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಬರಿಯ ಕರವಸ್ತ್ರವು ಅಷ್ಟು ಸಣ್ಣ ಕಣಗಳನ್ನು ಸಾಕಷ್ಟು ತಡೆಯದು. ಎನ್-95 ಜಾತಿಯ ಮುಖಗವಸು ಬೇಕು. ಯಂತ್ರದಿಂದ ಉಜ್ಜುವುದಾದರೆ ಹುಡಿಯನ್ನು ಹುಟ್ಟಿದ ಸ್ಥಳದಲ್ಲಿಯೇ ಎಳೆದುಕೊಳ್ಳುವ ಚೀಲ ಅಥವಾ ಕೊಳವೆಯ ಜೋಡಣೆ ಇರಬೇಕು. ಹಲಗೆಯ ಮೇಲಿನ ಹುಡಿಯನ್ನು ಬಾಯಿಂದ ಊದಬಾರದು. ತುಸು ಒದ್ದೆಯಾದ ಬಟ್ಟೆಯಿಂದ ಒರೆಸಿ ತೆಗೆಯಬೇಕು. ದಿನವೆಲ್ಲ ಕೂಲಿಗೆ ಉಜ್ಜುವ ಹುಡುಗರಿಗೆ ಈ ಮುಖಗವಸನ್ನು ಒದಗಿಸುವ ಹೊಣೆ ಕೆಲಸ ಹೇಳಿದವರದೇ ಎಂದು ನಾನು ತಿಳಿದಿದ್ದೇನೆ.

ಮೆರುಗಿನ ಮೊದಲನೆಯ ಲೇಪ ಒಣಗಿದ ಮೇಲೆ ಮಾತ್ರ ನುಣುಪು ಕಾಗದಗಳ ಸರದಿ ಬರುತ್ತದೆ. ಇಲ್ಲಿ ಉಜ್ಜುವುದು ಮರವನ್ನಲ್ಲ, ಗಾಜಿನಂತಹ ಮೆರುಗಿನ ಮೈಯನ್ನು. ಅದರಲ್ಲಿ ನಾಳಗಳೂ ಇಲ್ಲ, ನಾರುಗಳೂ ಇಲ್ಲ. ಆದುದರಿಂದ ಅತಿ ಸಣ್ಣ ಗೀರೂ ಬೆಳಕನ್ನು ಚೆದರಿಸುತ್ತದೆ. ಲೇಪ ಲೇಪಗಳ ನಡುವೆ 320, ಕೊನೆಯ ಲೇಪಕ್ಕೆ ಮುನ್ನ 400 ಸಾಕಾಗುತ್ತದೆ. ಕೊಳ್ಳುವಾಗ ನಂಬರಿನ ಮುಂದೆ ಪಿ ಎಂಬ ಇಂಗ್ಲಿಷ್ ಅಕ್ಷರ ಇದೆಯೇ ಎಂದು ನೋಡಬೇಕು. ಅದಿದ್ದರೆ ಯೂರೋಪಿನ ಅಳತೆ. ಇಲ್ಲದಿದ್ದರೆ ಅಮೆರಿಕದ ಹಳೆಯ ಅಳತೆಯಾಗಿರಬಹುದು. 220ರವರೆಗೆ ಎರಡರಲ್ಲೂ ಹೆಚ್ಚಿನ ಭೇದವಿಲ್ಲ. ಅನಂತರ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ: ಯೂರೋಪಿನ 400ರ ಕಣ 0.035 ಮಿಲಿಮೀಟರಾದರೆ ಅಮೆರಿಕದ 400ರದು ಸುಮಾರು 0.023; ಅಲ್ಲಿಯ 320ನೆಯ ನಂಬರೇ ಇಲ್ಲಿಯ 400ಕ್ಕೆ ಸಮ.